ಸನ್ಯಾಸಿಗಳಿಗೆ ಬಣ್ಣ ಹತ್ತಿದ ಮಳೆಗಾಲ

ಕಳೆದ ತಿಂಗಳು ಅಪ್ಪನ ರಕ್ತ ಪರೀಕ್ಷೆಗೆಂದು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪಾಳಿ ಬರಲು ಇನ್ನೂ ತಡವಿತ್ತು. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ತರೋಣವೆಂದು ಹಿಂದಿನ ಓಣಿಯಿಂದ ಹೊರಟವಳು ಲ್ಯಾಬಿನ ಕಿಟಕಿಯ ಕೆಳಗೆ ಗಕ್ಕನೆ ನಿಂತುಬಿಟ್ಟೆ. ಒಳಗೆ ಯಾರೋ ಬ್ರಾತ್ ಕುದಿಸುತ್ತಿದ್ದರು. ಬ್ಯಾಕ್ಟೀರಿಯಾಗಳಿಗೆ ಉಣ್ಣಲು ಕೊಡುವ ಆ ತಿಳಿಸಾರು ಹಬೆಯಲ್ಲಿ ಬೇಯುವಾಗ ಒಂದು ಜಿಡ್ಡು ವಾಸನೆ ಬರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಬಿಡುವಂಥದ್ದಲ್ಲ. ಆ ವಾಸನೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ, ಹಿಂದೆ ತಿರುಗಿ ಯಾರಾದರೂ ನನ್ನನ್ನೇ ನೋಡುತ್ತಿದ್ದಾರೆಯೇ ಎಂದು ನೋಡಿದ್ದು. ಇಷ್ಟು ವರ್ಷಗಳಾದರೂ ಹೋಗದ ಚಾಳಿ ಇದು. ಹಳಿಯಾಳದ ಆ ಒಂದು ಮಳೆಗಾಲದಲ್ಲಿ ಹತ್ತಿದ್ದು.

ಆಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಾಂಡೇಲಿಯಿಂದ ದಿನಾ ಬಸ್ಸಿನಲ್ಲಿ ಹಳಿಯಾಳದ ಕಾಲೇಜಿಗೆ ಬರುತ್ತಿದ್ದೆ. ಅಪ್ಪ ಸವದತ್ತಿ ಕಡೆಯವನು. ದಾಂಡೇಲಿಗೆ ಬಂದು ಮಿಲ್ಲಿನ ಗೇಟಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದ. ಹೊರಗೆ ಹೋಗುವವರ ಚೀಲ ಬಿಚ್ಚಿಸಿ ನೋಡುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಅವನ ಕಣ್ಣು ಡ್ಯೂಟಿ ಬಿಡುತ್ತಿರಲಿಲ್ಲ. ನೆಂಟರು ಬಂದರೆ ಮೊದಲು ಅವರ ಚೀಲ ನೋಡುತ್ತಿದ್ದ, ಆಮೇಲೆ ಮುಖ. ಹೀಗಾಗಿ ಅನುಮಾನ ನನಗೆ ಮನೆತನದಿಂದಲೇ ಬಂದದ್ದು. ನಗುವವರನ್ನು ಕಂಡರೆ ಯಾಕೆ ನಗುತ್ತಿದ್ದಾರೆ ಎಂದು ಮೊದಲು ಯೋಚಿಸುವ ಜಾತಿ ನಮ್ಮದು. ಆದರೆ ಅನುಮಾನದಲ್ಲಿ ನನ್ನನ್ನೂ ಅಪ್ಪನನ್ನೂ ಮೀರಿಸಿದವರು ನಮಗೆ ಜೀವರಸಾಯನ ಕಲಿಸುತ್ತಿದ್ದ ಹಂಚಿನಾಳ ಸರ್.

ಅವರು ಧಾರವಾಡ ಕಡೆಯಿಂದ ಆ ವರ್ಷವೇ ವರ್ಗವಾಗಿ ಬಂದಿದ್ದರು. ಪೇಟೆಯ ಹಿಂದೆ ಎರಡು ಖೋಲಿ ಹಿಡಿದು ಒಬ್ಬರೇ ಇದ್ದರು. ಒಬ್ಬರೇ ಯಾಕೆ ಎಂಬುದಕ್ಕೆ ಕಾಲೇಜಿನಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಹೆಂಡತಿ ತವರಿಗೆ ಹೋಗಿ ಕುಳಿತಿದ್ದಾಳಂತೆ ಎಂದು ಕೆಲವರು, ಇಲ್ಲ, ಇವರೇ ಜಗಳವಾಡಿ ಬಂದಿದ್ದಾರೆ ಎಂದು ಇನ್ನು ಕೆಲವರು. ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಪ್ರಯೋಗ ಮಾಡದೆಯೇ ಮನಸ್ಸಿಗೆ ಬಂದ ಅಂಕಿ ಬರೆದುಕೊಟ್ಟಿದ್ದನಂತೆ. ಸರ್ ಅದನ್ನು ನಂಬಿ ದೊಡ್ಡ ಸಭೆಯಲ್ಲಿ ಓದಿ ಮುಖಭಂಗ ಮಾಡಿಕೊಂಡಿದ್ದರಂತೆ. ಅದನ್ನು ಮಾತ್ರ ಅವರೇ ಹೇಳಿದ್ದರು. ಅಂದಿನಿಂದ ಅವರ ಪದ್ಧತಿ ಒಂದೇ. ನಾವು ಏನು ಹೇಳಿದರೂ ಕುರ್ಚಿಯಿಂದ ಎದ್ದು ಬಂದು ಕಣ್ಣಾರೆ ನೋಡುವರು. ಬಾಗಿಲು ಹಾಕಿದ್ದೇವೆ ಅಂದರೂ ಎದ್ದು ಬಂದು ಚಿಲಕ ಎಳೆದು ನೋಡುವರು.

“ಯಾರನ್ನೂ ನಂಬಬ್ಯಾಡ್ರಿ. ನನ್ನೂ ನಂಬಬ್ಯಾಡ್ರಿ. ನೋಡ್ರಿ, ಆಮ್ಯಾಲೆ ಮಾತಾಡ್ರಿ,” ಎಂದು ಮೊದಲ ದಿನವೇ ನಮಗೆ ಹೇಳಿದ್ದರು.

ಅವರ ಸಂಶೋಧನೆ ಬಯೋಫಿಲ್ಮ್ ಬಗ್ಗೆ. ನಮಗೆ ವಿವರಿಸುವಾಗ ಆ ಪದ ಬಿಟ್ಟು ‘ಲೋಳಿ’ ಎನ್ನುತ್ತಿದ್ದರು. ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಹಲ್ಲು ಉಜ್ಜದಿದ್ದರೆ ನಾಲಿಗೆಗೆ ಹತ್ತುತ್ತದಲ್ಲ, ಅದು. “ಬ್ಯಾಕ್ಟೀರಿಯಾ ಒಂದೊಂದ ಇದ್ದಾಗ ಔಷಧಕ್ಕ ಸಾಯ್ತಾವ. ಒಂದಕ್ಕೊಂದು ಹತ್ತಿ ಕುಂತು ಲೋಳಿ ಮನಿ ಕಟ್ಟಿದ್ವು ಅಂದ್ರ ಜಪ್ಪಯ್ಯ ಅನ್ನಂಗಿಲ್ಲ. ಆ ಮನಿ ಹೆಂಗ ಕಟ್ತಾವ ಅನ್ನೂದು ನಮ್ಮ ಕೆಲಸ,” ಎಂದರು. ಇಂಥ ಕೆಲಸಕ್ಕೆ ಎಂ.ಎಸ್ಸಿ. ಹುಡುಗರು ಬೇಕು, ಬಿ.ಎಸ್ಸಿ. ಮಕ್ಕಳಿಂದ ಏನಾಗುತ್ತದೆ ಎಂದು ಬೇರೆಯವರು ಮೂಗು ಮುರಿದರು. ಸರ್ ಕೇಳಲಿಲ್ಲ. ತರಗತಿಯಿಂದ ಮೂವರನ್ನು ಆರಿಸಿದರು: ಹಳಿಯಾಳ ಪೇಟೆಯ ರೇಣುಕಾ, ಮುಂಡಗೋಡ ಕಡೆಯ ಸನವಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಪುಂಡಲೀಕ, ಮತ್ತು ನಾನು. ನನ್ನನ್ನು ಯಾಕೆ ಆರಿಸಿದರು ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಖುಷಿಪಡಲು ನನಗೆ ಮೊದಲು ಕಾರಣ ಗೊತ್ತಾಗಬೇಕಿತ್ತು.

ಮಳೆ ಹಿಡಿಯುವ ಮೊದಲು ಗಣೇಶಗುಡಿಗೆ ಹೋಗಿ, ಅಣೆಕಟ್ಟಿನ ಕೆಳಗೆ ಕಾಳಿ ಹೊಳೆಯ ಕಲ್ಲುಗಳಿಂದ ಲೋಳೆ ಕೆರೆದುಕೊಂಡು ಬಂದೆವು. ನಾವು ಬಗ್ಗಿ ಕಲ್ಲು ಕೆರೆಯುತ್ತಿದ್ದರೆ ರಾಫ್ಟಿಂಗ್ ಹುಡುಗರು ದೋಣಿ ಬಿಟ್ಟು ನಮ್ಮನ್ನೇ ನೋಡುತ್ತ ನಿಂತರು. ಅವರಲ್ಲೊಬ್ಬ ಹೋಗಿ ಫಾರೆಸ್ಟ್ ಗಾರ್ಡನನ್ನು ಕರೆತಂದ.

“ಏನ್ ತಗ್ಯಾಕತ್ತೀರಿ ಇಲ್ಲಿ?” ಎಂದ ಗಾರ್ಡ್.

“ಲೋಳಿ,” ಎಂದರು ಸರ್.

“ಲೋಳಿ ಒಯ್ಯಾಕ ಸಾಹೇಬ್ರು ಇಲ್ಲಿತನಾ ಬರ್ತಾರೇನ್ರಿ? ಖರೇ ಹೇಳ್ರಿ, ಇದು ಯಾವ ಸರ್ವೇ? ಮತ್ತ ಯಾರನ್ನರ ಕಾಡಿನಿಂದ ಎಬ್ಬಸಾವ್ರು ಇದ್ದೀರೇನು?”

ಬಾಟಲಿ ಇಸಿದುಕೊಂಡು ಮೂಸಿ ನೋಡಿದ. ಬಿಸಿಲಿಗೆ ಹಿಡಿದು ನೋಡಿದ. ಕೊನೆಗೆ ಕಾಲೇಜಿಗೆ ಫೋನ್ ಹಚ್ಚಿಸಿ ಖಾತ್ರಿ ಮಾಡಿಕೊಂಡೇ ಬಿಟ್ಟದ್ದು. ನಮಗೆಲ್ಲ ಅವಮಾನವಾಗಿತ್ತು. ಸರ್ ಮಾತ್ರ ಬಹಳ ಖುಷಿಯಲ್ಲಿದ್ದರು. “ನೋಡ್ರಿ, ಇವಂಗ ವಿಜ್ಞಾನ ತಿಳೀತೈತಿ. ಹೇಳಿದ್ದ ನಂಬಲಿಲ್ಲ,” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದರು.

ಕೆಲಸ ಹೀಗಿತ್ತು. ಗಾಜಿನ ಟ್ಯೂಬುಗಳಲ್ಲಿ ಬ್ರಾತ್ ಹಾಕಿ, ಕೆಲವಕ್ಕೆ ಹೊಳೆಯ ಲೋಳೆಯ ಹನಿ ಬಿಡುವುದು, ಕೆಲವಕ್ಕೆ ಏನೂ ಬಿಡದೆ ಹಾಗೆಯೇ ಇಡುವುದು. ಎರಡು ದಿನ ಬೆಚ್ಚಗಿಟ್ಟ ಮೇಲೆ ಬ್ರಾತ್ ಚೆಲ್ಲಿ, ಡಿಸ್ಟಿಲ್ಡ್ ನೀರಿನಿಂದ ಮೆಲ್ಲಗೆ ತೊಳೆದು, ನೇರಳೆ ಬಣ್ಣ ಹಾಕಿ, ಮತ್ತೆ ತೊಳೆಯುವುದು. ಗಾಜಿಗೆ ಲೋಳೆ ಅಂಟಿದ್ದರೆ ಬಣ್ಣ ಹಿಡಿದು ನೇರಳೆ ಉಂಗುರ ಉಳಿಯುತ್ತದೆ. ಏನೂ ಬಿಡದ ಟ್ಯೂಬಿನಲ್ಲಿ ಬಣ್ಣ ನಿಲ್ಲಬಾರದು. ನಿಂತರೆ ಇಡೀ ಪ್ರಯೋಗವೇ ಸುಳ್ಳು. ಈ ಖಾಲಿ ಟ್ಯೂಬುಗಳಿಗೆ ಪುಂಡಲೀಕ ‘ಸನ್ಯಾಸಿಗಳು’ ಎಂದು ಹೆಸರಿಟ್ಟಿದ್ದ, ಏನೂ ಅಂಟಿಸಿಕೊಳ್ಳುವುದಿಲ್ಲ ಎಂದು. ಟಿಬೆಟನ್ ಕಾಲೊನಿಯ ಪಕ್ಕದಲ್ಲಿ ಬೆಳೆದವನು ಅವನು. ಅವನ ಅಪ್ಪ ಕಾಲೊನಿಯ ಗೋವಿನಜೋಳದ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದ. “ನಮ್ಮ ಕಡೆ ಸನ್ಯಾಸಿಗಳು ಬಣ್ಣದ ಬಟ್ಟೀನ ಉಡ್ತಾರ್ರಿ ಸರ್, ಇವರಿಗಷ್ಟ ಬಣ್ಣ ಆಗಂಗಿಲ್ಲ,” ಎಂದು ಅವನು ಹೇಳಿದಾಗ ಸರ್ ಕೂಡ ನಕ್ಕಿದ್ದರು.

ಬ್ರಾತ್ ಮಾಡುವುದು ಪುಂಡಲೀಕನ ಕೆಲಸ, ಹನಿ ಬಿಡುವುದು ರೇಣುಕಾಳದು, ತೊಳೆದು ಬಣ್ಣ ಹಾಕುವುದು ನನ್ನದು. ನನ್ನ ಬೆರಳುಗಳೆಲ್ಲ ಸದಾ ನೇರಳೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವಾಗ ದಿನಾ ಕೇಳುತ್ತಿದ್ದ: “ಎಲ್ಲಾ ಬೆರಳಿಗೂ ಮಸಿ ಹಾಕಿಸ್ಕೊಂಡೀ ಅಲ್ಲವಾ, ಎಷ್ಟ್ ಮಂದಿ ವೋಟ್ ಹಾಕಿ ಬಂದೀ?” ಭಟ್ಟಿ ಇಳಿಸಿದ ಆ ಡಿಸ್ಟಿಲ್ಡ್ ನೀರು ತುಂಬಿಡುವ, ಬುಡದಲ್ಲಿ ನಳವಿದ್ದ ಕ್ಯಾನ್ ತೊಳೆಯುವ ಸರದಿ ಮೊದಲು ಪುಂಡಲೀಕನದಾಗಿತ್ತು. ಒಮ್ಮೆ ಅವನು ಸೋಪಿನ ನೊರೆ ಉಳಿಸಿದ್ದನ್ನು ಕಂಡು ಸರ್ ಅದನ್ನು ಅವನಿಂದ ಕಿತ್ತುಕೊಂಡರು. “ಇನ್ನ ಮ್ಯಾಲೆ ನಾನ ತೊಳೀತೇನಿ. ನಿಮ್ಮ ಕೈ ಮ್ಯಾಲೆ ನನಗ ಭರೋಸಾ ಇಲ್ಲ,” ಎಂದರು. ಪ್ರತಿ ಶನಿವಾರ ಅಂಗಿಯ ತೋಳು ಮಡಚಿ, ಮಡಿ ನೀರು ತುಂಬುವ ಅಜ್ಜಿಯಷ್ಟು ಶ್ರದ್ಧೆಯಿಂದ ಆ ಬಿಳಿ ಕ್ಯಾನನ್ನು ತೊಳೆದು ತುಂಬಿಡುತ್ತಿದ್ದರು.

ಜಗಳ ಬಂದದ್ದು ಧಾರವಾಡದ ಮಾತಿಗೆ. ವರ್ಷದ ಕೊನೆಗೆ ಅಲ್ಲೊಂದು ವಿದ್ಯಾರ್ಥಿಗಳ ಸಮ್ಮೇಳನ. ನಮ್ಮ ಕೆಲಸವನ್ನು ಅಲ್ಲಿ ತೋರಿಸಬೇಕು, ಒಬ್ಬರು ನಿಂತು ಮಾತಾಡಬೇಕು. ಅಲ್ಲಿ ಮಾತಾಡಿದವರನ್ನು ದೊಡ್ಡ ಪ್ರೊಫೆಸರುಗಳು ನೋಡುತ್ತಾರೆ, ಮುಂದೆ ಎಂ.ಎಸ್ಸಿ.ಗೆ ಹೋದಾಗ ಗುರುತು ಹಿಡಿಯುತ್ತಾರೆ ಎಂದು ನನಗೆ ಆಸೆ ಇತ್ತು. ಸರ್ ರೇಣುಕಾಳ ಹೆಸರು ಹೇಳಿದರು. ಅವಳ ಇಂಗ್ಲಿಷ್ ಚೆನ್ನಾಗಿತ್ತು, ಅದು ಸುಳ್ಳಲ್ಲ. ಆದರೆ ಹೊಟ್ಟೆ ಉರಿಯಿತು. ಹೊರಗೆ ಬಂದ ಮೇಲೆ ಪುಂಡಲೀಕನ ಎದುರಿಗೇ ಅವಳಿಗೆ ಅಂದುಬಿಟ್ಟೆ: “ಅಲ್ಲಿ ಹೋಗಿ ನೀ ಏನ್ ತೋರಸ್ತೀ, ನಾನೂ ನೋಡ್ತೇನಿ.”

ಅದಾಗಿ ಸ್ವಲ್ಪ ದಿನಕ್ಕೆ ಸನ್ಯಾಸಿಗಳಿಗೆ ಬಣ್ಣ ಹತ್ತಿತು.

ಮೊದಲ ಸಲ ತೆಳ್ಳಗೆ, ಕಂಡೂ ಕಾಣದ ಹಾಗೆ. ಮುಂದಿನ ಸಲ ಸರಿಯಾದ ಉಂಗುರ. ಪುಂಡಲೀಕ ಟ್ಯೂಬನ್ನು ಕಿಟಕಿಗೆ ಹಿಡಿದು, “ಸರ್, ಸನ್ಯಾಸಿ ಕೆಟ್ಟಾನ್ರಿ,” ಎಂದ. ಸರ್ ನಗಲಿಲ್ಲ. ಒಂದೊಂದೇ ಟ್ಯೂಬ್ ತೆಗೆದು ನೋಡಿದರು. ಆಮೇಲೆ ಹುಡುಕಾಟ ಶುರುವಾಯಿತು. ಬಣ್ಣದ ಹೊಸ ಬಾಟಲಿ ಒಡೆದರು. ಭಟ್ಟಿಯಿಂದ ಇಳಿಯುವ ನೀರನ್ನು ಪರೀಕ್ಷಿಸಿದರು, ಅದು ಶುದ್ಧವಾಗಿತ್ತು. ಬೆಳಗ್ಗೆ ಸನ್ಯಾಸಿ ಟ್ಯೂಬುಗಳ ಬ್ರಾತನ್ನು ಬೆಳಕಿಗೆ ಹಿಡಿದು ನೋಡಿದರೆ ತಿಳಿ ತಿಳಿ, ಒಂದು ಜೀವವೂ ಬೆಳೆದಿರಲಿಲ್ಲ. ಮಧ್ಯಾಹ್ನ ಬಣ್ಣ ಹಾಕಿದ ಮೇಲೆ ಅವುಗಳಲ್ಲೇ ಉಂಗುರ. ಹಾಗಾದರೆ ಹೊಲಸು ಸೇರುವುದು ಬೆಳಗ್ಗೆಗೂ ಮಧ್ಯಾಹ್ನಕ್ಕೂ ನಡುವೆ. ಆ ನಡುವೆ ಟ್ಯೂಬುಗಳು ಇರುತ್ತಿದ್ದುದು ಯಾರ ಕೈಯಲ್ಲಿ? ನನ್ನ ಕೈಯಲ್ಲಿ. ಇದನ್ನು ಲೆಕ್ಕ ಹಾಕಲು ಪ್ರೊಫೆಸರ್ ಆಗಬೇಕಿರಲಿಲ್ಲ.

ರೇಣುಕಾ ನನ್ನ ಜೊತೆ ಮಾತು ಬಿಟ್ಟಳು. ನಾನು ಸಿಂಕಿನ ಹತ್ತಿರ ಹೋದರೆ ಅವಳಿಗೂ ಅಲ್ಲಿಯೇ ಏನೋ ಕೆಲಸ. ಸರ್ ಪೇಪರ್ ಓದುವ ಹಾಗೆ ಕುಳಿತಿರುತ್ತಿದ್ದರು. ಆದರೆ ಪುಟ ತಿರುಗುತ್ತಿರಲಿಲ್ಲ. ಅವರ ಕಣ್ಣು ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ನಾನೇನು ಸುಮ್ಮನಿದ್ದೆನೇ? ರೇಣುಕಾಳೇ ಗುಟ್ಟಾಗಿ ಸನ್ಯಾಸಿಗಳಿಗೆ ಹನಿ ಬಿಟ್ಟು ನನ್ನ ಮೇಲೆ ಹಾಕುತ್ತಿದ್ದಾಳೆ ಎಂದು ನಾನೂ ಅವಳನ್ನು ಮೈಯೆಲ್ಲ ಕಣ್ಣಾಗಿ ಕಾದೆ. ಮೂವರೂ ಒಬ್ಬರ ಕೈಯನ್ನೊಬ್ಬರು ಕಾಯುತ್ತ, ಯಾರೂ ಯಾರ ಮುಖವನ್ನೂ ನೋಡದೆ ಕೆಲಸ ಮಾಡುತ್ತಿದ್ದೆವು. ಹೊರಗೆ ಮಳೆ ಬಿಡದೆ ಹಿಡಿದಿತ್ತು. ಒಣಗದ ಬಟ್ಟೆ, ಕೊಡೆ, ಬ್ರಾತ್ ಎಲ್ಲ ಸೇರಿ ಲ್ಯಾಬಿನಲ್ಲಿ ಉಸಿರು ಕಟ್ಟುತ್ತಿತ್ತು.

ಒಂದು ಶನಿವಾರ ಸರ್ ತೊಳೆಯುವ ಕೆಲಸವನ್ನು ನನ್ನಿಂದ ತೆಗೆದು ಪುಂಡಲೀಕನಿಗೆ ಕೊಟ್ಟರು. ನನಗೆ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದರು. ಮಧ್ಯಾಹ್ನ ಬಣ್ಣ ಹಾಕಿ ನೋಡಿದರೆ ಸನ್ಯಾಸಿಗಳೆಲ್ಲ ತೊಳೆದಿಟ್ಟ ಮುತ್ತಿನ ಹಾಗೆ ಹೊಳೆಯುತ್ತಿದ್ದರು. ರೇಣುಕಾ ನನ್ನ ಕಡೆ ತಿರುಗಿ ನೋಡಿದಳು. ಪುಂಡಲೀಕ ನೋಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

“ನಿರ್ಮಲಾ, ನೀ ಸ್ವಲ್ಪ ದಿನಾ ಲ್ಯಾಬಿಗೆ ಬರಬ್ಯಾಡ,” ಎಂದರು ಸರ್.

“ನಾ ಏನೂ ಮಾಡಿಲ್ರಿ ಸರ್.”

“ನೀ ಮಾಡೀ ಅಂತ ನಾ ಅಂದಿಲ್ಲ. ನೀ ಇಲ್ದಾಗ ಆಗಲಿಲ್ಲ, ಅಷ್ಟ ಅಂದೇನಿ.”

ಬೈದಿದ್ದರೆ ಅತ್ತುಬಿಡುತ್ತಿದ್ದೆ. ಈ ಮಾತಿಗೆ ಅಳುವುದು ಹೇಗೆ ಎಂದೂ ತಿಳಿಯಲಿಲ್ಲ. ಧಾರವಾಡದಲ್ಲಿ ಹಾಕುವ ಪೋಸ್ಟರಿನಿಂದ ನನ್ನ ಹೆಸರು ಹೋಗುವುದು ಖಾತ್ರಿಯಾಯಿತು. ಹೆಸರು ಹೋದರೆ ಹೋಗಲಿ, ಹೊಟ್ಟೆಕಿಚ್ಚಿಗೆ ಜೊತೆಯವರ ಕೆಲಸ ಕೆಡಿಸಿದವಳು ಎಂಬುದು ಉಳಿದುಬಿಟ್ಟರೆ? ಹಳಿಯಾಳ, ದಾಂಡೇಲಿಯಂಥ ಊರುಗಳಲ್ಲಿ ಇಂಥ ಮಾತು ನಮಗಿಂತ ಮೊದಲು ಬಸ್ ಹತ್ತಿ ಮನೆ ಮುಟ್ಟಿರುತ್ತದೆ. ಮುಟ್ಟಿಯೂ ಬಿಟ್ಟಿತು. ಪಂಚಮಿ ಹಬ್ಬದ ದಿನ ಉಂಡಿ ತಿನ್ನುತ್ತ ಕುಳಿತಿದ್ದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದ, “ಮಾಡಿಯೇನು?”

“ಇಲ್ಲಪಾ.”

“ಖರೇ ಹೇಳು.”

ಗೇಟಿನಲ್ಲಿ ಸಾವಿರ ಸಲ ಕೇಳಿದ ಅದೇ ದನಿ. ಊರವರೆಲ್ಲ ಅನುಮಾನಿಸಲಿ, ಅಪ್ಪ ಹೀಗೆ ಕೇಳಿದನಲ್ಲ ಎಂದು ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಬಂದು ತಲೆ ನೇವರಿಸಿದಳು. ಅವಳ ಕೈಯ ಮೇಲೂ ನನಗೆ ಅನುಮಾನ ಬಂತು, ಇವಳೂ ನಂಬಿದ್ದಾಳೋ ಏನೋ ಎಂದು.

ಹಬ್ಬದ ರಜೆ ಮುಗಿದು ಒಂದು ವಾರವಾಗಿರಬಹುದು. ಸಂಜೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ದಾಂಡೇಲಿ ಬಸ್ಸಿಗೆ ನಿಂತಿದ್ದೆ. ಪುಂಡಲೀಕ ಮಳೆಯಲ್ಲಿ ನೆನೆಯುತ್ತ ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಸನ್ಯಾಸಿಗಳು ಮತ್ತ ಕೆಟ್ಟಾರ. ಎರಡ ಸಲ ಆತು. ಈಗ ಸರ್ ನನ್ನ ನೋಡಾಕತ್ತಾರ.”

ನನಗೆ ಮೊದಲು ಬಂದದ್ದು ಸಂತೋಷ. ಮುಚ್ಚಿಡುವುದೇಕೆ, ಅನುಭವಿಸಲಿ ಎನ್ನಿಸಿತು. “ನಾ ಅಂತೂ ಒಳಗ ಕಾಲಿಟ್ಟಿಲ್ಲ,” ಎಂದೆ.

“ನಿನ್ನ ಮ್ಯಾಲೆ ಹೇಳಾಕ ಬಂದಿಲ್ಲ ನಾ. ಎಲ್ಲಾ ಅವತ್ತಿನಂಗ ಮಾಡೇನಿ. ಅವತ್ತ ಹೆಂಗ ಸರಿ ಬಂತು, ಈಗ್ಯಾಕ ಬರವಲ್ದು, ನೀನರ ಹೇಳು. ನೀ ಛಲೋ ಸಂಶಯ ತಗೀತಿ.”

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆದರೂ ಗೇಟಿನವನ ಮಗಳು ನಾನು. ಒಂದೊಂದಾಗಿ ಕೇಳಲು ಶುರು ಮಾಡಿದೆ. ಅದೇ ಬ್ರಾತೇ? ಅದೇ. ಅದೇ ಬಣ್ಣವೇ? ಅದೇ. ಅದೇ ಸಿಂಕು, ಅದೇ ಕೈ. “ನೀರು?” ಎಂದೆ.

“ನೀರೂ ಅದ... ಅಲ್ಲ, ತಡಿ. ಅವತ್ತ ಶನಿವಾರ ಅಲ್ಲೇನು? ಸರ್ ಕ್ಯಾನ್ ತೊಳ್ಯಾಕ ಒಯ್ದಿದ್ರು. ನಾ ಸೀದಾ ಭಟ್ಟಿ ನಳದಾಗ ಹಿಡಕೊಂಡೆ.”

ಬಸ್ ಬಂತು. ಹತ್ತಲಿಲ್ಲ. ಕ್ಯಾನ್. ಎಲ್ಲರ ಕೈಗಳನ್ನೂ ಅನುಮಾನಿಸಿದ್ದೆವು, ಸರ್ ಕೈಯನ್ನು ಬಿಟ್ಟು. ಯಾರನ್ನೂ ನಂಬಬೇಡಿ, ನನ್ನನ್ನೂ ನಂಬಬೇಡಿ ಎಂದು ಅವರೇ ಹೇಳಿದ್ದರೂ ನಾವು ಮೂವರೂ ಅವರೊಬ್ಬರನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆವು. ಆದರೆ ಪ್ರತಿ ವಾರ ಅಷ್ಟು ತಿಕ್ಕಿ ತೊಳೆಯುವ ಕ್ಯಾನಿನಲ್ಲಿ ಲೋಳೆ ಎಲ್ಲಿಂದ ಬಂತು? ಅದು ಮಾತ್ರ ಬಗೆಹರಿಯಲಿಲ್ಲ.

ಮುಂದಿನ ಶನಿವಾರ, ಬರಬೇಡ ಎಂದಿದ್ದ ಲ್ಯಾಬಿನ ಬಾಗಿಲಿಗೆ ಹೋಗಿ ನಿಂತೆ. ಸರ್ ಒಬ್ಬರೇ ಇದ್ದರು, ತೋಳು ಮಡಚಿ ಕ್ಯಾನ್ ತೊಳೆಯುತ್ತಿದ್ದರು. ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು, ಆದರೆ ಕೈ ನಿಲ್ಲಿಸಲಿಲ್ಲ. ಬ್ರಷ್ಷಿನಿಂದ ತಿಕ್ಕಿದರು. ನೀರು ಹಾಕಿ ಕುಲುಕಿದರು. ಬಗ್ಗಿಸಿ ಚೆಲ್ಲಿದರು. ಚೆಲ್ಲುತ್ತ ಚೆಲ್ಲುತ್ತ, ಇನ್ನೇನು ಪೂರ್ತಿ ಹೋಗಬೇಕು ಅನ್ನುವಾಗ ಕೈ ತಾನಾಗಿ ಕ್ಯಾನನ್ನು ನೆಟ್ಟಗೆ ಮಾಡಿತು. ತಳದಲ್ಲಿ ಒಂದು ಬೊಗಸೆ ನೀರು ಉಳಿಯಿತು. ಮತ್ತೆ ಹೊಸ ನೀರು, ಮತ್ತೆ ಕುಲುಕು, ಮತ್ತೆ ಚೆಲ್ಲು. ಮತ್ತೆ ಅಷ್ಟೇ ನೀರು ಉಳಿಯಿತು. ನಮ್ಮ ಅವ್ವ ಕೊಡ ತೊಳೆಯುವುದೂ ಹೀಗೆಯೇ. ನಾನು ಬಾಗಿಲು ದಾಟಿ ಒಳಗೆ ಹೋದೆ.

“ಸರ್, ಪೂರಾ ಯಾಕ ಚೆಲ್ಲವಲ್ರಿ?”

“ಚೆಲ್ಲಿದೆನಲ್ಲ.”

“ಇಲ್ರಿ. ತಳಕ್ಕ ತುಸು ಬಿಟ್ಟೀರಿ. ಕ್ಯಾನಿನ ಒಳಗ, ನಳದ ಕೆಳಗ ಬೆರಳು ಹಾಕಿ ನೋಡ್ರಿ.”

ನಂಬದೆ ನನ್ನನ್ನೇ ನೋಡಿದರು. ಆಮೇಲೆ ಕ್ಯಾನಿನೊಳಗೆ ಮೊಣಕೈತನಕ ಕೈ ಇಳಿಸಿದರು. ಕ್ಯಾನಿನ ನಳ ತಳಕ್ಕಿಂತ ಒಂದಿಷ್ಟು ಮೇಲಿತ್ತು. ಅದರ ಕೆಳಗಿನ ಸಂದಿಗೆ ಬ್ರಷ್ ಮುಟ್ಟುತ್ತಿರಲಿಲ್ಲ, ಉಳಿಸಿದ ನೀರಿನಲ್ಲಿ ಆ ಸಂದಿ ಒಮ್ಮೆಯೂ ಒಣಗಿರಲಿಲ್ಲ. ಅವರ ಬೆರಳು ಅದಕ್ಕೆ ಹತ್ತಿದ್ದು ಮುಖದಲ್ಲೇ ಗೊತ್ತಾಯಿತು. ಆಯುಷ್ಯವೆಲ್ಲ ಅದನ್ನೇ ಮುಟ್ಟಿ ನೋಡಿದ ಬೆರಳು. ಕೈ ಹೊರಗೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆ ಲೋಳೆಯನ್ನು ಬಹಳ ಹೊತ್ತು ಉಜ್ಜಿದರು. ವಾರಕ್ಕೊಮ್ಮೆ ತೊಳೆದು, ವಾರಕ್ಕೊಮ್ಮೆ ಹೆಪ್ಪು ಉಳಿಸಿ, ಹೊಸ ನೀರು ತುಂಬಿ ಅವರೇ ಅದನ್ನು ಸಾಕಿದ್ದರು. ನಾನು ಟ್ಯೂಬ್ ತೊಳೆದಾಗಲೆಲ್ಲ ಅದರ ಚೂರುಗಳೇ ಬಂದು ಸನ್ಯಾಸಿಗಳಿಗೆ ಅಂಟುತ್ತಿದ್ದವು.

ಅವರು ಸ್ಟೂಲಿನ ಮೇಲೆ ಕುಳಿತರು. ಕ್ಷಮಿಸು ಎನ್ನುತ್ತಾರೆ ಎಂದು ಕಾದೆ. ಅದಕ್ಕೆ ಏನು ಉತ್ತರ ಕೊಡಬೇಕು ಎಂದು ಖಾರವಾಗಿ ಒಂದು ಮಾತನ್ನೂ ಒಳಗೇ ಹೊಂದಿಸಿಕೊಂಡಿದ್ದೆ.

“ನಮ್ಮವ್ವ ಹೇಳತಿದ್ಲು, ಕೊಡಾ ಬರಿದು ಮಾಡಬಾರದು, ತುಸು ಬಿಡಬೇಕು ಅಂತ,” ಎಂದರು. “ಸಣ್ಣಾಂವ ಇದ್ದಾಗಿಂದ ಕೈಗೆ ರೂಢಿ. ನಾ ಬಿಡ್ತೇನಿ ಅನ್ನೂದ ನನಗ ಗೊತ್ತಿರಲಿಲ್ಲ ನೋಡು. ಪೂರಾ ಚೆಲ್ಲೂದು ಹೆಣಾ ಹೋದ ಮನ್ಯಾಗ.”

ಬೆರಳಿನ ಲೋಳೆ ಒರೆಸಿಕೊಳ್ಳುತ್ತ ಹೇಳಿದರು. “ಹ್ವಾದ ವರ್ಷ ನಮ್ಮಾಕಿ ಹೋದ್ಲು. ಅವತ್ತ ಮನ್ಯಾಗಿನ ಎಲ್ಲಾ ಕೊಡಾ, ಹಂಡೇವು, ಅಕಿ ತುಂಬಿಟ್ಟಿದ್ದ ನೀರೆಲ್ಲಾ ನಾನ ಚೆಲ್ಲೇನಿ. ಒಂದ ಹನಿ ಇಲ್ಲದಂಗ.”

ಇಡೀ ಕಾಲೇಜು ಕಟ್ಟಿದ್ದ ಕತೆಗಳೆಲ್ಲ ನೆನಪಾಗಿ ನನಗೆ ಮುಖ ಎತ್ತಲಾಗಲಿಲ್ಲ. ಹೊಂದಿಸಿಕೊಂಡಿದ್ದ ಖಾರದ ಮಾತು ಎಲ್ಲಿ ಹೋಯಿತೋ. ಅವರು ಎದ್ದು ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಸಿಂಕಿಗೆ ಬಗ್ಗಿಸಿದರು. ನೀರು ಸುರಿಯಿತು. ಕೊನೆಯ ಬೊಗಸೆಗೆ ಬಂದಾಗ ಕೈ ನಿಂತಿತು. ಈ ಸಲ ಅವರಿಗೆ ಗೊತ್ತಿದ್ದೇ ನಿಂತಿತು. ಕ್ಯಾನನ್ನು ತಂದು ನನ್ನ ಕೈಗೆ ಕೊಟ್ಟರು.

“ನೀನ ಚೆಲ್ಲವಾ. ನನ್ನ ಕೈಲೆ ಆಗಂಗಿಲ್ಲ.”

ಹಿಂದಿನ ಕಟ್ಟೆಗೆ ಒಯ್ದು ಮಳೆಯಲ್ಲೇ ನಿಂತು ಬೋರಲು ಹಾಕಿದೆ. ನಳ ಬಿಚ್ಚಿದೆ. ಸಂದಿಗೆ ಚಿಂದಿ ತೂರಿಸಿ ಲೋಳೆಯನ್ನೆಲ್ಲ ಕೆರೆದು ತೆಗೆದೆ, ಬ್ಲೀಚಿಂಗ್ ಹಾಕಿ ತಿಕ್ಕಿದೆ, ಮತ್ತೆ ತೊಳೆದು ಸೂರಿನ ಕೆಳಗೆ ಬೋರಲು ಹಾಕಿದೆ. ಕೊನೆಯ ಹನಿ ಬೀಳುವವರೆಗೂ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದೆ.

“ಪೂರಾ ಖಾಲಿ ಆತೇನು?” ಒಳಗಿನಿಂದ ಕೇಳಿದರು.

“ಆತ್ರಿ ಸರ್.”

ಕುರ್ಚಿ ಸರಿಯುವ ಸದ್ದಿಗೆ ಕಾದೆ. ಹಂಚಿನಾಳ ಸರ್ ಎದ್ದು ಬಂದು ನೋಡಲಿಲ್ಲ.